ಮೈಕು ಕಿತ್ತುಕೊಳ್ಳದ ಮನುಷ್ಯ

ಅಂಕಲ್ಲಿನ ಮೇಲ್ಸಾಲಿನ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಇತ್ತು. ಇಲಿ ಕಡಿದಿಟ್ಟ ಬಿಸ್ಕತ್ತಿನ ಅಂಚಿನಂತೆ ಸಣ್ಣಗೆ, ದುಂಡಗೆ. ಆಯುಷ್ಯವಿಡೀ ವೈರನ್ನು ಹಲ್ಲಿನಲ್ಲೇ ಸುಲಿದದ್ದರ ಫಲ. ಕಟ್ಟರ್ ಇರಲಿಲ್ಲವೆಂದಲ್ಲ. ಅಂಗಿಯ ಜೇಬಿನಲ್ಲಿ ಹೊಳೆಯುವ ಕಟ್ಟರ್ ಸದಾ ಇರುತ್ತಿತ್ತು, ಅದರಿಂದ ಅವರು ಬೆನ್ನು ಕೆರೆದುಕೊಳ್ಳುತ್ತಿದ್ದರು. ಯಾಕೆ ಅಂಕಲ್ ಎಂದರೆ, “ಕಟ್ಟರ್‌ಗೆ ದುಡ್ಡು ಕೊಟ್ಟಿದೀನಿ. ಹಲ್ಲು ಫ್ರೀ ಬಂದಿದ್ದು” ಎನ್ನುತ್ತಿದ್ದರು. ಆ ಕಚ್ಚಿನ ದೆಸೆಯಿಂದ ‘ಸ’ ಬಂದಲ್ಲೆಲ್ಲ ಅವರ ಬಾಯಿಂದ ಸಣ್ಣ ಶಿಳ್ಳೆ ಹೊರಡುತ್ತಿತ್ತು. ‘ಸೌಂಡ್ ಸಿಸ್ಟಮ್’ ಎಂದರೆ ಎದುರು ಮನೆಯ ನಾಯಿ ಎದ್ದು ಕೂರುತ್ತಿತ್ತು.

ಯಡಿಯೂರು ಕೆರೆಯ ಹಿಂದಿನ ಕ್ರಾಸಿನಲ್ಲಿ ಅವರ ಮೈಕ್‌ಸೆಟ್ ಅಂಗಡಿ. ಬೀದಿಗೆಲ್ಲ ಅವರು ಮೈಕ್‌ಸೆಟ್ ಅಂಕಲ್. ಜಯನಗರ ಇನ್ನೂ ಹೊಲವಾಗಿದ್ದ ಕಾಲದಿಂದ ಅವರ ಮನೆತನ ಅಲ್ಲೇ ಇತ್ತು. ಅದನ್ನು ಅವರು ಮರೆತಿರಲಿಲ್ಲ, ಬೇರೆಯವರಿಗೆ ಮರೆಯಲು ಬಿಡುತ್ತಲೂ ಇರಲಿಲ್ಲ. ಅಂಗಡಿಯ ಮುಂದೆ ಕಾರು ನಿಲ್ಲಿಸಿದವರಿಗೆ, “ಸಾರ್, ನಮ್ ತಾತ ರಾಗಿ ಬೆಳೀತಿದ್ದ ಜಾಗ ಅದು. ಸ್ವಲ್ಪ ಮುಂದಕ್ಕೆ ತಗೊಳಿ, ಅಲ್ಲಿಂದ ಬೇರೆಯವರ ತಾತಂದು” ಎಂದು ಹೇಳಿ ಕಾರು ಹೋಗುವವರೆಗೂ ನಿಂತು ನೋಡುತ್ತಿದ್ದರು.

ಗಣೇಶನ ಹಬ್ಬ, ಅಣ್ಣಮ್ಮನ ಉತ್ಸವ, ಉರುಸು, ಚರ್ಚಿನ ಹಬ್ಬ, ಬುದ್ಧ ಪೂರ್ಣಿಮೆ, ರಾಜ್ಯೋತ್ಸವ, ಎಲೆಕ್ಷನ್, ನಾಮಕರಣ, ಎಲ್ಲದಕ್ಕೂ ಅವರದೇ ಸೆಟ್ಟು. ಬೆಳಿಗ್ಗೆ ಒಬ್ಬರು ದೇವರನ್ನು ಕೂಗಿ ಕರೆದ ಹಾರ್ನಿನಲ್ಲೇ ಸಂಜೆ ಇನ್ನೊಬ್ಬರು ಆ ದೇವರು ಇಲ್ಲವೇ ಇಲ್ಲ ಎಂದು ಸಾಧಿಸುತ್ತಿದ್ದರು. ನಡುವೆ ಅಂಕಲ್ ಒಂದು ಬಟ್ಟೆ ತೆಗೆದುಕೊಂಡು ಹಾರ್ನಿನ ಧೂಳು ಒರೆಸುತ್ತಿದ್ದರು. ಸರ್ವಧರ್ಮ ಸಮನ್ವಯಕ್ಕೆ ಅವರ ಕಾಣಿಕೆ ಅಷ್ಟೇ.

ಇನ್ನು ನಾನು. ನಾನು ಮಿಮಿಕ್ರಿ ಮಾಡುವವನು, ಅಂದರೆ ಸ್ವಂತದ್ದು ಏನೂ ಇಲ್ಲದವನು. ಹಗಲಲ್ಲಿ ಜಯನಗರ ನಾಲ್ಕನೇ ಬ್ಲಾಕಿನ ಕನ್ನಡಕದ ಅಂಗಡಿಯೊಂದರಲ್ಲಿ, ಯಾವ ಮುಖಕ್ಕೂ ಯಾವ ಫ್ರೇಮ್ ಹಾಕಿದರೂ “ಸಖತ್ತಾಗಿದೆ ಸಾರ್” ಎನ್ನುವುದು ನನ್ನ ಕೆಲಸ. ಸಂಜೆ ಅದೇ ಮುಖಗಳನ್ನು ಸ್ಟೇಜಿನ ಮೇಲೆ ಆಡಿಕೊಳ್ಳುವುದು ನನ್ನ ಕಲೆ. ಬಸ್ ಕಂಡಕ್ಟರು, ಮೆಟ್ರೋದಲ್ಲಿ ‘ಮುಂದಿನ ನಿಲ್ದಾಣ’ ಎನ್ನುವ ಹೆಂಗಸು, ನಮ್ಮಪ್ಪನ ಗೊರಕೆ, ನಮ್ಮ ಓನರ್ ಆಂಟಿ ನೀರಿನ ಮೋಟಾರ್ ಆಫ್ ಮಾಡಿ ಎಂದು ಕಿರುಚುವುದು, ಇವೆಲ್ಲ ನನ್ನ ಐಟಮ್ಮುಗಳು. ಹೀರೋ ದನಿ ಯಾವುದೂ ಬರುವುದಿಲ್ಲ. ಪ್ರಯತ್ನಿಸಿದ್ದೇನೆ, ಎಲ್ಲ ಹೀರೋಗಳೂ ನನ್ನ ಬಾಯಲ್ಲಿ ನೆಗಡಿ ಬಂದ ನಾನೇ ಆಗಿಬಿಡುತ್ತಾರೆ.

ಮೊದಲ ಸಲ ಅವರ ಮೈಕಿನ ಮುಂದೆ ನಿಂತದ್ದು ಬೀದಿಯ ರಾಜ್ಯೋತ್ಸವದಲ್ಲಿ. ಹೆದರಿಕೆಗೆ ಮೈಕನ್ನು ತುಟಿಗೆ ಒತ್ತಿಕೊಂಡು ಆರಂಭಿಸಿದೆ. ಅಂಕಲ್ ಕೂತಲ್ಲಿಂದಲೇ ಕೂಗಿದರು: “ಲೋ ಮಿಮಿಕ್ರಿ, ಐಸ್‌ಕ್ರೀಮ್ ಅಲ್ಲ ಅದು, ನೆಕ್ಕಬೇಡ. ದೂರ ಹಿಡಿ.” ಸಭೆ ನಕ್ಕಿತು. ಅವತ್ತಿನ ನನ್ನ ಕಾರ್ಯಕ್ರಮದಲ್ಲಿ ಜನ ನಕ್ಕದ್ದು ಅದೊಂದಕ್ಕೇ. ಇಳಿದು ಬಂದ ಮೇಲೆ ಅವರು ಹೇಳಿದರು, “ಕಾಗೆ ಕೂಗ್ದಲ್ಲ, ಅದನ್ನ ಕಾಗೆ ಕೇಳಿಸ್ಕೊಂಡಿದ್ರೆ ವಲಸೆ ಹೋಗಿರೋದು.” ಆಮೇಲೆ ತಾವೇ ಮೈಕು ಹಿಡಿದು ತೋರಿಸಿದರು. ದನಿ ಏರಿಸುವಾಗ ಕೈ ಹಿಂದಕ್ಕೆ, ಪಿಸುಗುಟ್ಟುವಾಗ ಮುಂದಕ್ಕೆ. ಜನ ನಗುವಾಗ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. “ನಗು ಅವರದು. ಅದರ ಮೇಲೆ ನೀನು ಮಾತಾಡ್ಬೇಡ.” ನಾನು ಕಲಿತ ನಟನಾಶಾಸ್ತ್ರ ಇಷ್ಟೇ, ಅದೂ ಬೈಗುಳದ ಸಮೇತ.

ಅವರ ಜಂಬ ಒಂದೇ ಒಂದು ವಿಷಯದಲ್ಲಿತ್ತು. ತಮ್ಮ ಸೆಟ್ಟು ಕಾರ್ಯಕ್ರಮದ ನಡುವೆ ಯಾವತ್ತೂ ನಿಂತಿಲ್ಲ. ಕರೆಂಟು ಹೋದರೆ ಲಾರಿ ಬ್ಯಾಟರಿ ಸಿದ್ಧ. ಆಂಪ್ಲಿಫೈಯರ್ ಸುಟ್ಟರೆ ಇನ್ನೊಂದು ಬೆನ್ನಿಗೇ ಇರುತ್ತಿತ್ತು. ಇನ್ನು ಮನುಷ್ಯರು ಬಂದು, “ಯಜಮಾನ್ರೇ, ಅವನು ಜಾಸ್ತಿ ಮಾತಾಡ್ತಿದಾನೆ, ಕಟ್ ಮಾಡಿ” ಎಂದರೆ ಅವರು ಕಿವುಡರಾಗಿಬಿಡುತ್ತಿದ್ದರು. ಭಾಷಣ ಎಳೆಯುವವರನ್ನು ಕಂಡು ಸಂಘಟಕರು ಕೈಸನ್ನೆ ಮಾಡಿದರೆ, ಇವರೂ ವಾಪಸ್ ಕೈ ಬೀಸಿ ನಮಸ್ಕಾರ ಹೇಳುತ್ತಿದ್ದರು.

ಇದನ್ನು ನಾನು ಬರೀ ವ್ಯಾಪಾರದ ಹಟ ಎಂದುಕೊಂಡಿದ್ದೆ. ಬನಶಂಕರಿ ಕಡೆಯ ಒಂದು ಸಭೆಯವರೆಗೆ. ಅಲ್ಲಿ ಕೇಸರಿ ಶಾಲು ಹೊದ್ದ ಒಬ್ಬ ಭಾಷಣಕಾರ ಇದ್ದಕ್ಕಿದ್ದಂತೆ ಬುದ್ಧನ ಮೇಲೆ, ಬುದ್ಧನ ಹಾದಿ ಹಿಡಿದವರ ಮೇಲೆ ಹರಿಹಾಯ್ದ. ದೇಶ ಹೇಡಿಯಾದದ್ದೇ ಅವರಿಂದ, ಅವರ ಮೂಲವೇ ಸರಿಯಿಲ್ಲ, ಹೀಗೆ. ಉಳಿದದ್ದನ್ನು ಬರೆದು ಕಾಗದ ಯಾಕೆ ಕೊಳಕು ಮಾಡಲಿ. ಅಂಕಲ್ ಮನೆಯಲ್ಲಿ ಬುದ್ಧನ ಪಟ ಇತ್ತು. ಅವರ ತಂದೆಯ ಕಾಲದಲ್ಲೇ ಆ ಮನೆಯವರು ಬೌದ್ಧರಾಗಿದ್ದರು. ನಾನು ಮಿಕ್ಸರಿನ ಪಕ್ಕದಲ್ಲಿ ಕೂತು ಅವರ ಮುಖ ನೋಡಿದೆ. ಅವರು ಬಗ್ಗಿ ಗುಂಡಿಗಳನ್ನು ಒಂದೊಂದಾಗಿ ತಿರುಗಿಸುತ್ತಿದ್ದರು. ಆ ಮನುಷ್ಯನ ದನಿ ಇನ್ನಷ್ಟು ನಿಚ್ಚಳವಾಗಿ, ಉಗುಳು ನುಂಗುವುದೂ ಕೇಳುವಷ್ಟು ಸ್ಪಷ್ಟವಾಗಿ ಹೊರಬಂತು.

“ಏನ್ ಅಂಕಲ್, ನಿಮ್ಮನ್ನೇ ಬೈತಿದಾನೆ, ನೀವು ಕ್ಲಿಯರ್ ಮಾಡಿ ಕೊಡ್ತಿದೀರಲ್ಲ?”

“ಬೈಯೋದು ಸರಿಯಾಗ್ ಕೇಳಿಸ್ಲಿ.”

“ಕೋಪ ಬರಲ್ವಾ?”

“ಬರತ್ತೆ. ಕಟ್ ಮಾಡಿದ್ರೆ ಅವನು ದೊಡ್ಡ ಮನುಷ್ಯ ಆಗ್ತಾನೆ, ನನ್ನ ಬಾಯಿ ಮುಚ್ಚಿಸಿದ್ರು ಅಂತ ನಾಳೆ ಇನ್ನೊಂದ್ ಸಭೆ ಮಾಡ್ತಾನೆ. ಪೂರ್ತಿ ಕೇಳಿಸಿದ್ರೆ, ಎಷ್ಟಿದಾನೋ ಅಷ್ಟೇ.” ಇನ್ನೊಂದು ಗುಂಡಿ ತಿರುಗಿಸುತ್ತ, “ಅವನ ಬಾಯಲ್ಲಿ ಹುಳ ಬೀಳ” ಎಂದೂ ಸೇರಿಸಿದರು. ಅವರೇನು ಬುದ್ಧನಾಗಿರಲಿಲ್ಲ.

ನನ್ನ ಕಥೆ ಆದದ್ದು ನಮ್ಮ ಬೀದಿಯ ಗಣೇಶನ ಹಬ್ಬದಲ್ಲಿ. ಆ ಸಂಜೆ ಆರ್ಕೆಸ್ಟ್ರಾದ ಗಾಯಕಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ಸಮಿತಿಯ ಅಧ್ಯಕ್ಷರು ನನ್ನ ಹೆಗಲ ಮೇಲೆ ಕೈ ಹಾಕಿ, “ಮಗಾ, ಸ್ವಲ್ಪ ಹೊತ್ತು ಜನ ಎದ್ದು ಹೋಗದ ಹಾಗೆ ನೋಡ್ಕೋ” ಎಂದರು. ಈ ಅಧ್ಯಕ್ಷರು ಸೈಟು ಕೊಡಿಸುವ ದಂಧೆಯವರು, ಕಾರ್ಪೊರೇಷನ್ ಟಿಕೆಟ್ಟಿಗೆ ಕಾದು ಕೂತವರು. ಮಾತು ಮಾತಿಗೂ ‘ಬಂಧುಗಳೇ’ ಎನ್ನುವವರು; ಹೋಟೆಲಿನಲ್ಲಿ ಕಾಫಿ ಹೇಳುವಾಗಲೂ.

ನಾನು ಗಣಪ ತನ್ನ ಅಮ್ಮನಿಗೆ ಫೋನು ಮಾಡುವ ಐಟಮ್ ಮಾಡಿದೆ. ಗಣಪನಿಗೆ ನಾನು ಕೊಟ್ಟದ್ದು ಹಾಸ್ಟೆಲಿನಲ್ಲಿ ಸಿಕ್ಕಿಬಿದ್ದ ಡುಮ್ಮ ಹುಡುಗನ ದನಿ. “ಅಮ್ಮಾ, ನನ್ನ ಕಿವಿ ಎಷ್ಟು ದೊಡ್ಡದು ಅಂತ ನಿನಗೆ ಗೊತ್ತಲ್ಲ, ಸ್ಪೀಕರ್ ಬಾಕ್ಸ್ ತಂದು ಅದರ ಪಕ್ಕದಲ್ಲೇ ಇಟ್ಟಿದಾರೆ. ಅಮ್ಮಾ, ಕಡುಬು ತೋರಿಸ್ತಾರೆ, ಆಮೇಲೆ ಅವರೇ ತಿಂತಾರೆ. ಅಮ್ಮಾ, ನನ್ನ ಮುಳುಗ್ಸೋಕೂ ಕ್ಯೂ ಅಂತೆ, ಕಲ್ಯಾಣಿ ಹತ್ರ ಟೋಕನ್ ಕೊಡ್ತಾರಂತೆ.” ಜನ ನಗುತ್ತಿದ್ದರು. ಜನ ನಕ್ಕರೆ ನನ್ನ ತಲೆ ನಿಲ್ಲುವುದಿಲ್ಲ. ಸ್ಟೇಜಿನ ಪಕ್ಕದ ದೊಡ್ಡ ಫ್ಲೆಕ್ಸ್ ಕಣ್ಣಿಗೆ ಬಿತ್ತು. “ಅಮ್ಮಾ, ನೀನು ಆಟೋದಲ್ಲಿ ಬಂದ್ರೆ ಫ್ಲೆಕ್ಸ್ ನೋಡಿ ಇಳ್ಕೋಬೇಡ. ಅದರಲ್ಲಿ ಅಧ್ಯಕ್ಷರ ಮುಖ ಎಷ್ಟು ದೊಡ್ಡದಿದೆ ಅಂದ್ರೆ ನಾನು ಅವರ ಮೀಸೆ ಕೆಳಗೆ ಎಲ್ಲೋ ಇದೀನಿ. ಜನ ಅವರಿಗೇ ಮಂಗಳಾರತಿ ಮಾಡಿ ಹೋಗ್ತಿದಾರೆ. ಹೋದ್ರೆ ಹೋಗ್ಲಿ, ಕೊನೇ ದಿನ ಅವರನ್ನೇ ಮುಳುಗ್ಸಿ ಬರ್ಲಿ, ನಾನು ಮನೆಗೆ ಬಂದ್ಬಿಡ್ತೀನಿ.”

ಬೀದಿ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ನಕ್ಕು ಕರ್ಚೀಫಿನಿಂದ ಕಣ್ಣು ಒರೆಸಿಕೊಂಡರು. ನಕ್ಕು ಮುಗಿಯುವವರೆಗೆ ನಾನು ಬಾಯಿ ಮುಚ್ಚಿ ನಿಂತಿದ್ದೆ. ಗಣಪ ಫೋನಿಟ್ಟ. ಗಾಯಕಿ ಬಂದರು. ಅಧ್ಯಕ್ಷರು ನನಗೆ ಶಾಲು ಹೊದಿಸಿದರು.

ನಗು ಅಲ್ಲೇ ಬಂದಿತ್ತು. ನೋವು ಮಾತ್ರ ಎರಡು ದಿನ ತಡವಾಗಿ, ವಾಟ್ಸಾಪಿನಲ್ಲಿ ಬಂತು. ಯಾರೋ ನನ್ನ ಐಟಮ್ಮಿನಿಂದ ಒಂದು ಚೂರು ಕತ್ತರಿಸಿ ಹಂಚಿದ್ದರು. ಅಧ್ಯಕ್ಷರು ಬೀದಿಯಲ್ಲಿ ಹೋದರೆ ಹುಡುಗರು “ಮಂಗಳಾರತಿ, ಮಂಗಳಾರತಿ” ಎನ್ನತೊಡಗಿದರು. ಅವರ ಪಕ್ಷದಲ್ಲೇ ಟಿಕೆಟ್ಟಿಗೆ ಕಾದಿದ್ದ ಇನ್ನೊಬ್ಬರು ಫೋನು ಮಾಡಿ, “ಅಣ್ಣಾ, ಮುಳುಗ್ಸೋದು ಯಾವತ್ತು?” ಎಂದು ಕೇಳಿದರಂತೆ. ಆಗ ಅಧ್ಯಕ್ಷರಿಗೆ ತಟ್ಟನೆ ಹೊಳೆಯಿತು: ಗಣಪನಿಗೆ ಅವಮಾನವಾಗಿದೆ. ತಮ್ಮ ಮುಖಕ್ಕೆ ಬಿದ್ದ ಏಟನ್ನು ದೇವರ ಕೆನ್ನೆಗೆ ವರ್ಗಾಯಿಸುವುದು ಈ ಊರಿನಲ್ಲಿ ಸೈಟು ವರ್ಗಾಯಿಸುವುದಕ್ಕಿಂತ ಸುಲಭ. ಖಾತೆಯೂ ಬೇಡ, ಸಾಕ್ಷಿಯೂ ಬೇಡ. ಸಂಜೆಯೊಳಗೆ ‘ಧಾರ್ಮಿಕ ಭಾವನೆಗಳಿಗೆ ಧಕ್ಕೆ’ ಎಂದು ದೂರು ಹೋಯಿತು. ಅವತ್ತು ಹೊಟ್ಟೆ ಹಿಡಿದು ನಕ್ಕಿದ್ದ ಬೀದಿಯ ಅರ್ಧ ಜನಕ್ಕೆ ಭಾವನೆ ನೋಯತೊಡಗಿತು. ಉಳಿದರ್ಧ ಜನ ಕಿಟಕಿ ಹಾಕಿಕೊಂಡರು.

ಸ್ಟೇಷನ್ನಿನಲ್ಲಿ ಸಬ್‌ಇನ್‌ಸ್ಪೆಕ್ಟರ್ ವಿಡಿಯೋ ಪೂರ್ತಿ ನೋಡಿ ನಕ್ಕರು. “ನಮ್ ಸಾಹೇಬ್ರ ವಾಯ್ಸ್ ಬರತ್ತಾ ನಿಂಗೆ?” ಎಂದು ಕೇಳಿ, ಮಾಡಿಸಿ, ಇನ್ನೊಮ್ಮೆ ನಕ್ಕು, ಆಮೇಲೆ ಮುಖ ಗಂಟು ಹಾಕಿಕೊಂಡು, “ನೋಡು ಗುರು, ಹಬ್ಬದ ಟೈಮು, ನಮಗೂ ಬಂದೋಬಸ್ತ್ ಟೆನ್ಶನ್. ಗಣಪನ ಮುಂದೆ ಕಿವಿ ಹಿಡ್ಕೊಂಡು ಬಸ್ಕಿ ಹೊಡಿ, ವಿಡಿಯೋ ಹಾಕು, ಮುಗೀತು” ಎಂದರು. ನನ್ನ ಪ್ರಗತಿಪರ ಗೆಳೆಯರು ಇನ್ನೂ ಧೀರರು. ಜೆ.ಪಿ. ನಗರದ ಕೆಫೆಯೊಂದರಲ್ಲಿ ತಿಂಗಳಿಗೊಮ್ಮೆ ನನಗೆ ಕಾರ್ಯಕ್ರಮ ಕೊಡುತ್ತಿದ್ದವನು, “ನಿನ್ನ ಜೊತೆ ನಿಂತಿದ್ದೇವೆ” ಎಂದು ಸ್ಟೇಟಸ್ ಹಾಕಿ, ನನ್ನ ಮುಂದಿನ ಕಾರ್ಯಕ್ರಮ ರದ್ದು ಮಾಡಿದ. ಮರುದಿನ ಸ್ಟೇಟಸ್ ತಾನಾಗಿಯೇ ಅಳಿಸಿಹೋಯಿತು. ಪೂರ್ತಿ ವಿಡಿಯೋ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನೇ ಜಾಣನಂತೆ ಹಾಕಿದೆ. ಯಾರೂ ನೋಡಲಿಲ್ಲ. ನೋಯಲು ಚೂರೇ ಸಾಕಾಗಿರುವಾಗ ಪೂರ್ತಿ ಯಾರಿಗೆ ಬೇಕು? ಅಮ್ಮ ಮಾತ್ರ ಗಣಪನಿಗೆ ತೆಂಗಿನಕಾಯಿ ಒಡೆದು ತಪ್ಪುಕಾಣಿಕೆ ಹಾಕಿದಳು. ನಾನು ಗಣಪನಿಗೆ ಅಂದದ್ದಕ್ಕಲ್ಲ, ಅಧ್ಯಕ್ಷರಿಗೆ ಅಂದದ್ದಕ್ಕೆ.

ಅಮ್ಮ ಕಾಯಿ ಒಡೆದ ಮರುದಿನ ನಾನು ಅಂಕಲ್ ಅಂಗಡಿಯಲ್ಲಿದ್ದೆ. ಅಧ್ಯಕ್ಷರು ನಾಲ್ಕಾರು ಹುಡುಗರೊಂದಿಗೆ ಅಲ್ಲಿಗೇ ಬಂದರು. ನನ್ನನ್ನು ಗೋಡೆಯಂತೆ ಕಂಡು, ಸ್ಟೂಲು ಎಳೆದು ಕೂತರು.

“ಯಜಮಾನ್ರೇ, ಒಂದ್ ಸಹಾಯ ಆಗ್ಬೇಕಿತ್ತು. ಸ್ಟೇಷನ್‌ಗೆ ಬಂದು ಒಂದೇ ಮಾತು ಹೇಳಿ. ‘ಇವನು ದೇವರ ಬಗ್ಗೆ ಹಂಗೆಲ್ಲ ಮಾತಾಡೋದು ಕೇಳಕ್ಕಾಗ್ಲಿಲ್ಲ, ಅದಕ್ಕೆ ನಾನೇ ಮೈಕ್ ಕಟ್ ಮಾಡ್ದೆ’ ಅಂತ. ವಾಟ್ಸಾಪಲ್ಲಿ ಓಡಾಡ್ತಿರೋ ಚೂರೂ ಅಲ್ಲಿಗೇ ನಿಂತಿದೆಯಲ್ಲ, ಸರಿಹೋಗತ್ತೆ. ನೀವು ಬುದ್ಧನ ಕಡೆಯವರು. ಬೇರೆಯವರಿಗೇ ತಡ್ಕೊಳಕ್ಕಾಗ್ಲಿಲ್ಲ ಅಂದ್ರೆ ಕೇಸು ಗಟ್ಟಿ.”

ಅಂಕಲ್ ವೈರು ಸುಲಿಯುತ್ತಿದ್ದರು. ಬಾಯಿಂದ ತೆಗೆದು, “ಕಟ್ ಆಗ್ಲಿಲ್ವಲ್ಲ” ಎಂದರು.

“ಆಗ್ಲಿಲ್ಲ, ಗೊತ್ತು. ಆಯ್ತು ಅನ್ನಿ.”

“ನಂ ಸೆಟ್ಟು ಪ್ರೋಗ್ರಾಂ ಮಧ್ಯ ನಿಂತೋಯ್ತು ಅಂತ ನಾನೇ ಹೋಗಿ ಪೊಲೀಸರ ಹತ್ರ ಹೇಳ್ಬೇಕಾ?”

“ನಿಂತೋಯ್ತು ಅಂತಲ್ಲ, ನೀವೇ ನಿಲ್ಲಿಸಿದ್ರಿ ಅಂತ.”

“ಅದು ಇನ್ನೂ ಅಸಹ್ಯ.”

ಅಧ್ಯಕ್ಷರು ನಕ್ಕರು. ಅವರ ನಗು ಈಗಲೂ ಚೆನ್ನಾಗಿಯೇ ಇತ್ತು. “ದೇವರಿಗೆ ನೋವಾಗಿದೆ ಯಜಮಾನ್ರೇ.”

“ದೇವರ ಪಕ್ಕದಲ್ಲೇ ಬಾಕ್ಸ್ ಇಟ್ಕೊಂಡ್ ಕೂತಿದ್ದೆ. ನನ್ ಹತ್ರ ಏನೂ ಅನ್ನಲಿಲ್ಲ.”

“ಭಕ್ತರಿಗೆ ಆಗಿದೆ.”

“ನೀವು ಕಣ್ಣೀರ್ ಒರೆಸ್ಕೊಂಡ್ ನಗ್ತಿದ್ರಿ.”

“ಅದು ನೋವಿನ ಕಣ್ಣೀರು ಅಂತ ಆಮೇಲೆ ಗೊತ್ತಾಯ್ತು” ಎಂದರು ಅಧ್ಯಕ್ಷರು. ನಾಚಿಕೆಯಿಲ್ಲದೆ ಹೇಳಿದರು ಎಂದರೆ ನಾಚಿಕೆಗೆ ಅವಮಾನ. ಅದು ಅವರ ಮನೆ ಕಡೆ ಯಾವತ್ತೂ ಹೋದದ್ದೇ ಇಲ್ಲ. ಆಮೇಲೆ ದನಿ ಇಳಿಸಿ, ಮುಂದಿನ ವರ್ಷ ಈ ವಾರ್ಡಿನ ಪೆಂಡಾಲುಗಳೆಲ್ಲ ನಿಮ್ಮ ಸೆಟ್ಟಿಗೇ, ಇಲ್ಲದಿದ್ದರೆ ಒಂದೂ ಇಲ್ಲ ಎಂಬುದನ್ನು ತಿಳಿಸಿದರು.

“ಬುದ್ಧನ್ನ ಬೈದಾಗ್ಲೂ ನಾನು ಮೈಕ್ ಕಟ್ ಮಾಡ್ಲಿಲ್ಲ ಸಾರ್” ಎಂದರು ಅಂಕಲ್. “ನಿಮ್ ಮೀಸೆಗೋಸ್ಕರ ಮಾಡ್ತೀನಾ?”

ಹುಡುಗರಲ್ಲಿ ಒಬ್ಬ ಕಿಸಕ್ಕೆಂದ. ಅಧ್ಯಕ್ಷರು ತಿರುಗಿ ನೋಡಿದ ಮೇಲೆ ಕೆಮ್ಮಿದ.

ಅದರ ಮರುದಿನ ಮಧ್ಯಾಹ್ನ, ಮಕ್ಕಳು ಸ್ಕೂಲಿನಿಂದ ಬರುವ ಹೊತ್ತು, ನಾನು ಅಂಕಲ್ ಅಂಗಡಿಯಲ್ಲಿರುವಾಗಲೇ ಹುಡುಗರು ಬೈಕುಗಳಲ್ಲಿ ಬಂದರು. ಮುಖ ಮುಚ್ಚಿಕೊಳ್ಳುವ ಸೌಜನ್ಯವೂ ಇರಲಿಲ್ಲ. ಒಬ್ಬ ಹೊಡೆಯಲು ಬಂದಿದ್ದರೆ ಇನ್ನೊಬ್ಬ ಅದನ್ನು ವಿಡಿಯೋ ಮಾಡಲು ಬಂದಿದ್ದ. ಮೂರನೆಯವನಿಗೆ ಹಿಂದಿನ ವಾರವಷ್ಟೇ ನಾನು ಕನ್ನಡಕ ಮಾರಿದ್ದೆ, ‘ಸಖತ್ತಾಗಿದೆ ಸಾರ್’ ಎಂದೂ ಹೇಳಿದ್ದೆ. ಅದನ್ನೇ ಹಾಕಿಕೊಂಡು ಬಂದಿದ್ದ. ಅವನ ಗುರಿ ಒಂದೂ ತಪ್ಪಲಿಲ್ಲ. ನಮ್ಮ ಅಂಗಡಿಯ ಗ್ಲಾಸು ಒಳ್ಳೆಯದು. ದೇವರ ಹೆಸರು ಕೂಗುತ್ತ ಮೊದಲು ಹಾರ್ನುಗಳನ್ನು ತುಳಿದರು. ಆಂಪ್ಲಿಫೈಯರ್ ಎತ್ತಿ ಚರಂಡಿಗೆ ಹಾಕಿದರು. ಆಮೇಲೆ ನನ್ನ ಕಾಲರ್ ಹಿಡಿದರು. ಮೊದಲ ಗುದ್ದು ತುಟಿಗೆ ಬಿತ್ತು.

“ಲೋ, ಬಾಯಿಗ್ ಹೊಡೀಬೇಡ್ರೋ” ಎನ್ನುತ್ತ ಅಂಕಲ್ ನಡುವೆ ಬಂದರು. “ಅವನ ಹೊಟ್ಟೆಪಾಡು ಅದು. ತಲೆಗ್ ಹೊಡೀರಿ, ಅಲ್ಲೇನೂ ಇಲ್ಲ.”

ಆ ಸ್ಥಿತಿಯಲ್ಲೂ ನನಗೆ ನಗು ಬಂತು. ಸೀಳಿದ ತುಟಿಯಲ್ಲಿ ನಗುವುದು ಎಷ್ಟು ಉರಿಯುತ್ತದೆ ಎಂದು ಅವತ್ತು ತಿಳಿಯಿತು. ಹೊಡೆಯಲು ಬಂದವರಿಗೆ ಮಾತ್ರ ನಗು ಬರಲಿಲ್ಲ. ಅಂಕಲ್ಲಿನದೇ ಮೈಕ್ ಸ್ಟ್ಯಾಂಡು, ಅಡಿಯಲ್ಲಿ ದಪ್ಪ ಕಬ್ಬಿಣದ ಬಿಲ್ಲೆ ಇರುವಂಥದ್ದು, ಅದನ್ನು ಎತ್ತಿ ಅವರ ಸೊಂಟಕ್ಕೆ ಬೀಸಿದರು. ಅವರು ಎರಡು ಬಾಕ್ಸುಗಳ ನಡುವೆ ಕೂತಂತೆ ಬಿದ್ದರು. ಮತ್ತೆ ಸ್ವಂತ ಕಾಲ ಮೇಲೆ ಏಳಲೇ ಇಲ್ಲ.

ಪೊಲೀಸರು ಅದನ್ನು ‘ಎರಡು ಗುಂಪುಗಳ ನಡುವಿನ ಗಲಾಟೆ’ ಎಂದು ಬರೆದುಕೊಂಡರು. ಒಂದು ಗುಂಪು ಅವರದು. ಇನ್ನೊಂದು ಗುಂಪು ನಾನು ಮತ್ತು ಅಂಕಲ್. ನಾವು ದೇವರಿಗೆ ನೋವು ಮಾಡಿದ್ದೆವು, ಅವರು ದೇವರ ಪರವಾಗಿ ಸೊಂಟದ ಮೂಳೆ ಮುರಿದಿದ್ದರು, ಲೆಕ್ಕ ಸಮ.

ಆಸ್ಪತ್ರೆಯ ಮಂಚದ ಮೇಲೆ ಅವರು ಇನ್ನಷ್ಟು ಕೆಟ್ಟವರಾದರು. ನರ್ಸುಗಳನ್ನು ಬೈದರು. ಟಿವಿಯ ಸೌಂಡು ಸರಿಯಿಲ್ಲವೆಂದರು. ಕಿತ್ತಳೆ ತಂದ ನನಗೆ, “ಸೊಂಟ ಮುರಿದಿರೋದು, ನೆಗಡಿ ಅಲ್ಲ” ಎಂದರು. ಅಧ್ಯಕ್ಷರ ಕಡೆಯವರೊಬ್ಬರು ಬಂದು, ಆ ಒಂದು ಮಾತು ಹೇಳಿಬಿಟ್ಟರೆ ಎಲ್ಲ ದೂರೂ ವಾಪಸ್, ಆಸ್ಪತ್ರೆಯ ಖರ್ಚೂ ತಮ್ಮದು ಎಂದು ಹೇಳಿಹೋಗಿದ್ದರು. ಅಂಕಲ್ ಹೆಂಡತಿ, ನಾನು ಆಂಟಿ ಎನ್ನುತ್ತಿದ್ದವರು, ಅವತ್ತು ನನ್ನ ಎದುರಿಗೇ ಗಂಡನ ಕಾಲು ಹಿಡಿಯುವಂತೆ ಬೇಡಿಕೊಂಡರು.

“ಒಂದ್ ಮಾತು ರೀ. ಕಟ್ ಮಾಡ್ದೆ ಅಂದ್ಬಿಡಿ. ಅದರಿಂದ ಈ ಹುಡುಗನಿಗೇನೂ ಜಾಸ್ತಿ ಆಗಲ್ಲ, ಅವನಿಗೆ ಆಗೋದೆಲ್ಲ ಆಗೋಗಿದೆ. ನಾಳೆ ಮನೆ ನಡೀಬೇಕಲ್ಲ.”

“ಹೌದು ಅಂಕಲ್, ಹೇಳ್ಬಿಡಿ” ಎಂದೆ ನಾನೂ. ನಿಜವಾಗಿ ಹೇಳಿದೆ, ನಾಟಕವಲ್ಲ.

ಅವರು ಆಂಟಿಯ ಕಡೆ ತಿರುಗಿದರು. “ಹೇಳಿದೆ ಅಂತಿಟ್ಕೋ. ನಾಳೆ ಯಾವನೋ ನನ್ ಮೈಕ್ ಮುಂದೆ ನಿಂತ್ಕೋತಾನೆ. ಬಾಯಿ ತೆಗೆಯೋಕ್ ಮುಂಚೆ ತಿರುಗಿ ನನ್ ಕಡೆ ನೋಡ್ತಾನೆ, ಈವಯ್ಯ ಕಟ್ ಮಾಡ್ತಾನೇನೋ ಅಂತ. ಹಂಗೆ ನೋಡ್ದೋನ ಬಾಯಿಂದ ಮಾತು ಬರತ್ತೇನೇ? ಕೆಮ್ಮು ಬರತ್ತೆ.”

“ನೀವೀಗ ಮೈಕೇ ಹಾಕಲ್ವಲ್ರೀ” ಎಂದರು ಆಂಟಿ. ಆಂಟಿ ಫ್ಲಾಸ್ಕು ತೆಗೆದುಕೊಂಡು ಹೊರಗೆ ಹೋದರು.

ಆಗ ನಾನು ನನ್ನ ಬಸ್ಕಿಯ ವಿಷಯ ಕೇಳಿದೆ. ಅಂಗಲಾಚಿದೆ ಎಂದರೂ ಸರಿಯೇ. ಹೊಡೆಯಲೋ ಬೇಡವೋ?

“ಹೊಡಿ. ಗಣಪನ ಮುಂದೆ ಬಸ್ಕಿ ಹೊಡೆಯೋದ್ರಲ್ಲಿ ಯಾರ ಮರ್ಯಾದೆ ಹೋಗಿದೆ? ಊರೇ ಹೊಡೆಯತ್ತೆ. ನಿಂಗೆ ಹೊಟ್ಟೆನೂ ಬಂದಿದೆ. ಆದ್ರೆ ಆ ತಮಾಷೆ ಕೆಟ್ಟದು ಅಂತ ಮಾತ್ರ ಹೇಳ್ಬೇಡ.” ಆಮೇಲೆ ಗೋಡೆಯ ಕಡೆ ಮುಖ ಮಾಡಿ, “ಚೆನ್ನಾಗಿತ್ತು. ಮಧ್ಯ ಸ್ವಲ್ಪ ಎಳೆದೆ” ಎಂದರು.

ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ನಾನು ಗಣಪನ ಮುಂದೆ ಕಿವಿ ಹಿಡಿದು ಬಸ್ಕಿ ಹೊಡೆದೆ, ಅಮ್ಮ ಎಣಿಸಿದಳು, ವಿಡಿಯೋ ಹಾಕಿದೆ. ಬಾಯಿ ಬಿಡಲಿಲ್ಲ. ಬಾಯಿ ಬಿಡದ ಕ್ಷಮೆ ಸಾಲದು ಎಂದು ನೊಂದವರು ಇನ್ನೊಮ್ಮೆ ನೊಂದರು. ಕೇಸು ಈಗಲೂ ನಡೆಯುತ್ತಿದೆ. ತಾರೀಕು ಬಂದಾಗ ಹೋಗಿ ನಿಂತು ಬರುತ್ತೇನೆ. ವಕೀಲರ ದನಿಯೊಂದು ಹೊಸದಾಗಿ ಕಲಿತಿದ್ದೇನೆ.

ಅಂಕಲ್ ಮನೆಗೆ ಬಂದರು, ಮಂಚದಿಂದ ಇಳಿಯಲಿಲ್ಲ. ಸಕ್ಕರೆ ಕಾಯಿಲೆ ಮೊದಲೇ ಇತ್ತು, ಬೆನ್ನಿನಲ್ಲಿ ಹುಣ್ಣಾಯಿತು, ಆಮೇಲೆ ಎದೆಯಲ್ಲಿ ಕಫ. ಮುಂದಿನ ಗಣೇಶನ ಹಬ್ಬದ ಹೊತ್ತಿಗೆ ಹೊರಗೆ ಬೇರೆಯವರ ಬಾಕ್ಸುಗಳು ಗುದ್ದುತ್ತಿದ್ದವು. “ಬೇಸ್ ಜಾಸ್ತಿ ಆಯ್ತು” ಎಂದು ಗೊಣಗಿದರಂತೆ. ಆ ಹಬ್ಬ ಮುಗಿಯುವ ಮೊದಲೇ ಹೋದರು.

ಅವರ ಮನೆಯ ಹತ್ತಿರದ ಸಮುದಾಯ ಭವನದಲ್ಲಿ ನುಡಿನಮನ ಇಟ್ಟುಕೊಂಡರು. ಭಿಕ್ಕುಗಳೊಬ್ಬರು ಬಂದು ವಂದನೆ ಹೇಳಿದರು. ತುಳಿತದಲ್ಲಿ ಉಳಿದಿದ್ದ ಒಂದು ಹಾರ್ನು, ರಿಪೇರಿಯಾದ ಆಂಪ್ಲಿಫೈಯರ್, ಇಷ್ಟನ್ನು ಜೋಡಿಸಿ ಮೈಕು ನೋಡಿಕೋ ಎಂದು ಆಂಟಿ ನನಗೆ ಹೇಳಿದ್ದರು. ನಾನು ಮೂಲೆಯಲ್ಲಿ ಅವರ ಸ್ಟೂಲಿನ ಮೇಲೆ ಕೂತಿದ್ದೆ. ಆಗ ಅಧ್ಯಕ್ಷರು ಬಂದರು, ದೊಡ್ಡ ಹಾರದೊಂದಿಗೆ, ಫೋಟೋ ತೆಗೆಯುವವನೊಂದಿಗೆ. ಕಾರ್ಪೊರೇಷನ್ ಎಲೆಕ್ಷನ್ ಬರುತ್ತದೆಂದು ಗಾಳಿಸುದ್ದಿ ಇತ್ತು. ಯಾರೂ ಕರೆಯದಿದ್ದರೂ ಮೈಕಿನ ಮುಂದೆ ನಿಂತರು.

“ಬಂಧುಗಳೇ, ಇವರಂಥ ಮಹಾನುಭಾವರು ಮತ್ತೆ ಹುಟ್ಟುವುದಿಲ್ಲ. ಅಂದು ನಮ್ಮ ಪೆಂಡಾಲಿನಲ್ಲಿ ದೇವರ ನಿಂದನೆಯಾದಾಗ, ಕೇಳಲಾರದೆ, ತಮ್ಮ ಕೈಯಾರೆ ಮೈಕ್ ಕಟ್ ಮಾಡಿದ ಪುಣ್ಯಾತ್ಮರು ಇವರು. ಬುದ್ಧನ ಮನೆಯಲ್ಲಿ ಹುಟ್ಟಿದರೂ ಗಣಪನಿಗಾಗಿ ಮಿಡಿದ ಹೃದಯ. ಆ ನೋವಿನಲ್ಲೇ ಅವರು ಕೊರಗಿ ಕೊರಗಿ...”

ನನ್ನ ಬೆರಳು ಗುಂಡಿಯ ಮೇಲಿತ್ತು. ಒತ್ತಿದರೆ ಸಾಕು, ಆ ಬಾಯಿ ಮೀನಿನ ಬಾಯಾಗಿಬಿಡುತ್ತದೆ. ಸತ್ತವನ ಹೆಣದ ಮೇಲೆ ನಿಂತು, ಆತ ಯಾವ ಮಾತನ್ನು ಹೇಳದೆ ಸತ್ತನೋ ಅದನ್ನೇ ಆತನ ಬಾಯಿಗೆ ತುರುಕುತ್ತಿದ್ದಾನೆ, ಅದೂ ಆತನದೇ ಹಾರ್ನಿನಲ್ಲಿ. ನನ್ನ ಮೈಯೆಲ್ಲ ಒತ್ತು ಎನ್ನುತ್ತಿತ್ತು. ನಾನು ಒತ್ತಲಿಲ್ಲ. ಔದಾರ್ಯ ಎಂದುಕೊಳ್ಳಬೇಡಿ, ನನಗೆ ಆ ಮನುಷ್ಯನ ಮೇಲೆ ಇವತ್ತಿಗೂ ಹೇಸಿಗೆಯೇ ಇದೆ. ಆದರೆ ನನ್ನ ಬಾಯಿಂದ ಆ ಹಬ್ಬದ ಸಂಜೆ ಏನೇನು ಬಂತೋ, ಜಾಣತನ, ಅಧಿಕಪ್ರಸಂಗ, ಕೊನೆಯ ಪದದವರೆಗೆ ಅದಷ್ಟನ್ನೂ ಒಬ್ಬ ಮುದುಕ ಹೊರಗೆ ಹೋಗಗೊಟ್ಟಿದ್ದ, ಅದಕ್ಕೆ ಸೊಂಟ ಕೊಟ್ಟಿದ್ದ. ಆ ಋಣ ತೀರಿಸಲು ಒಳ್ಳೆಯ ಮಾತಾಡುವವರು ಯಾರಾದರೂ ಸಿಕ್ಕಿದ್ದರೆ ಸುಲಭವಾಗುತ್ತಿತ್ತು. ನನಗೆ ಸಿಕ್ಕವರು ಇವರು. ಬೆರಳು ಹಿಂದಕ್ಕೆ ತೆಗೆದು ತೊಡೆಯ ಕೆಳಗಿಟ್ಟುಕೊಂಡೆ. ಅಧ್ಯಕ್ಷರು ಪೂರ್ತಿ ಮಾತಾಡಿದರು. ಒಂದು ಅಕ್ಷರವೂ ಒಡೆಯದಂತೆ ಎಲ್ಲರಿಗೂ ಕೇಳಿಸಿತು. ಚಪ್ಪಾಳೆಗೆ ಕಾದರು, ಬರಲಿಲ್ಲ, ಕೆಳಗಿಳಿದರು.

ಆಂಟಿ ಎದ್ದರು. ಜೀವಮಾನದಲ್ಲಿ ಮೈಕು ಹಿಡಿದವರಲ್ಲ, ಮಗುವನ್ನು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದರು. ಆ ಒಂದು ಮಾತು ಹೇಳಿ ಎಂದು ಗಂಡನನ್ನು ಬೇಡಿಕೊಂಡಿದ್ದವರು ಅವರೇ.

“ನಮ್ಮನೆಯವರು ಕಟ್ ಮಾಡ್ಲಿಲ್ಲ” ಎಂದರು. “ನಾನೇ ಹೇಳಿ ಅಂದೆ. ಹೇಳ್ಲಿಲ್ಲ.”

ಮೈಕು ಕೆಳಗಿಟ್ಟು ಹೋಗಿ ಕೂತರು. ಬಾಗಿಲ ಬಳಿ ಅಧ್ಯಕ್ಷರು ಬಗ್ಗಿ ತಮ್ಮ ಚಪ್ಪಲಿ ಹುಡುಕುತ್ತಿದ್ದರು. ಫೋಟೋದವನು ಯಾವ ಕಡೆ ತಿರುಗಬೇಕೆಂದು ತಿಳಿಯದೆ ನಿಂತಿದ್ದ. ಮುಂದಿನ ಮಾತಾಡುವವರು ಯಾರಾದರೂ ಇದ್ದಾರೆಯೇ ಎಂದು ನಾನು ಸಭೆಯ ಕಡೆ ನೋಡಿದೆ. ಮೈಕು ಆನ್ ಇತ್ತು.